ದೀಪ ದೊಡ್ಡದು ಮಾಡುವ ಊರು

ಈ ಊರಿನಲ್ಲಿ ದೀಪವನ್ನು ಯಾರೂ ಆರಿಸುವುದಿಲ್ಲ, ‘ದೊಡ್ಡದು ಮಾಡುತ್ತಾರೆ’. ಆರಿಸು ಎಂಬ ಮಾತು ಅಪಶಕುನವಂತೆ. ಅದಕ್ಕೇ ಬಾಯಲ್ಲಿ ದೊಡ್ಡದು ಮಾಡು ಎನ್ನುವುದು, ಕೈಯಲ್ಲಿ ಆರಿಸುವುದು. ಕೋಲಾರದ ಗಣಿ ಸೀಮೆಯಿಂದ ಧಾರವಾಡಕ್ಕೆ ಬಂದ ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಮ್ಮ ಯಜಮಾನರ ಬಲಗೈ ಇವತ್ತು ನೆಟ್ಟಗಿರುತ್ತಿತ್ತು.

ನಮ್ಮ ಕಡೆಯವರಿಗೆ ಕರೆಂಟ್ ದೀಪ ಹೊಸದಲ್ಲ. ಗಣಿಯ ಪುಣ್ಯದಿಂದ ಯಜಮಾನರು ಹುಟ್ಟುವ ಮೊದಲೇ ಅವರ ಬೀದಿಗೆ ಬಂದಿತ್ತು. ಯಜಮಾನರೂ ಅವರ ತಮ್ಮ ಗೋವಿಂದುವೂ ತಂತಿ ಎಳೆಯುವ ಕೆಲಸ ಕಲಿತದ್ದು ಅಲ್ಲೇ. ಗಣಿಯಲ್ಲಿ ಕೆಲಸ ಕಡಿಮೆಯಾದಾಗ, ಧಾರವಾಡದ ಕಾಲೇಜೊಂದರ ಸಭಾಂಗಣಕ್ಕೂ ಹುಡುಗರ ವಸತಿಗೃಹಕ್ಕೂ ದೀಪ ಹಾಕಿಸುತ್ತಾರೆಂದು ಗೊತ್ತಾಯಿತು. ಕೆಲಸ ಹಿಡಿಸಿದರೆ ಯಜಮಾನರನ್ನು ಕಾಯಂ ಇಟ್ಟುಕೊಳ್ಳುತ್ತೇವೆ ಎಂದರು. ಆ ‘ಕಾಯಂ’ ಎಂಬ ಒಂದು ಮಾತು ನಂಬಿ ಮನೆ ಖಾಲಿ ಮಾಡಿದೆವು. ರಾಗಿ ಬೀಸುವ ಕಲ್ಲು, ಮಗಳು ರಾಜಿ, ಎಲ್ಲವನ್ನೂ ಕಟ್ಟಿಕೊಂಡು ರೈಲು ಹತ್ತಿದೆವು.

ಮನೆ ಹುಡುಕುವಾಗಲೇ ನಾನು ಮುಗ್ಗರಿಸಿದೆ. ಮನೆಯೊಡತಿ ನೀಲವ್ವ ಬಾಗಿಲಲ್ಲಿ ನಿಂತು, “ನೀವು ಯಾವ ಮಂದಿರಿ?” ಎಂದು ಕೇಳಿದಳು.

“ಒಳ್ಳೇ ಮಂದಿನೇ ಅಮ್ಮ,” ಎಂದೆ.

ಆಕೆ ಸೆರಗು ಬಾಯಿಗಿಟ್ಟು ನಕ್ಕಳು. ಜಾತಿ ಕೇಳಿದ್ದೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ನಕ್ಕ ತಪ್ಪಿಗೋ ಏನೋ, ಹಿತ್ತಲ ಕಡೆಯ ಎರಡು ಖೋಲಿ ಕೊಟ್ಟಳು. ಇಲ್ಲಿ ಕೋಣೆಗೆ ಖೋಲಿ ಅನ್ನುತ್ತಾರೆ. ನಾನು ಮುದ್ದೆ ತೊಳಸುವುದನ್ನೂ ನಾವು ಉಣ್ಣುವುದನ್ನೂ ನೋಡಲು ಬಂದು ಕೂತವಳು, “ಅಗೀದನ ನುಂಗೂದೇನ್ರಿ? ಹಂಗಾರ ದೇವ್ರು ಹಲ್ಲರೆ ಯಾಕ ಕೊಟ್ಟಾನ್ರಿ?” ಎಂದು ಛೇಡಿಸಿದಳು. ತಂದ ರಾಗಿ ಮುಗಿದ ಮೇಲೆ ಜೋಳದ ರೊಟ್ಟಿಯೇ ಗತಿಯಾಯಿತು. ನನ್ನ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಹರಿದು ಚೂರಾಗುತ್ತಿತ್ತು. ಮೊದಲ ಸಲ ಒಂದು ರೊಟ್ಟಿ ಹರಿಯದೆ ಉಬ್ಬಿದಾಗ ನೀಲವ್ವನನ್ನು ಕೂಗಿ ಕರೆದು ತೋರಿಸಿದೆ. ಊರಲ್ಲಿ ‘ಮೇಸ್ತ್ರಿ’ ಅನ್ನಿಸಿಕೊಂಡಿದ್ದ ಯಜಮಾನರು ಇಲ್ಲಿ ‘ಮಿಸ್ತ್ರಿ’ ಆದರು. ನಮ್ಮ ಮನೆಮಾತು ತೆಲುಗು ಆ ಎರಡು ಖೋಲಿ ದಾಟಿ ಹೊರಗೆ ಬರುತ್ತಿರಲಿಲ್ಲ. ಹೊರಗೆ ನಾನು ಬಾಯಿ ಬಿಟ್ಟರೆ ಎಲ್ಲರೂ ನಗುತ್ತಿದ್ದರು. ಬರಬರುತ್ತಾ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದೆ.

ಸಭಾಂಗಣಕ್ಕೆ ಕರೆಂಟ್ ಬಿಟ್ಟ ದಿನ ಕಾಲೇಜಿನ ಮುದಿ ಜವಾನ ಭರಮಪ್ಪಜ್ಜ ಹೊಸ್ತಿಲಿಗೆ ಕಾಯಿ ಒಡೆದು, ಉರಿಯುವ ಬಲ್ಬುಗಳಿಗೆ ಕೈ ಮುಗಿದರಂತೆ. ದೀಪಗಳು ಎರಡು ಸಾಲು, ಸಾಲಿಗೊಂದು ಸ್ವಿಚ್ಚು. ಸ್ವಿಚ್ಚುಗಳು ಹೊರಗಿನ ವರಾಂಡದಲ್ಲಿ, ಅಲ್ಲಿ ಗೋವಿಂದು ನಿಂತಿದ್ದ. ಒಳಗೆ ಏಣಿಯ ಮೇಲೆ ಯಜಮಾನರು. ಇಬ್ಬರ ಮಾತನ್ನು ಆಚೆ ಈಚೆ ಮುಟ್ಟಿಸಲು ಬಾಗಿಲಲ್ಲಿ ಭರಮಪ್ಪಜ್ಜ. ಒಂದು ಸಾಲು ಉರಿಯುತ್ತಿತ್ತು. ಅದನ್ನು ಆರಿಸಲು ಹೇಳಿ, ಯಜಮಾನರು ಇನ್ನೂ ಹಚ್ಚಿರದ ಎರಡನೆಯ ಸಾಲಿನ ತಂತಿಗೆ ಕೈ ಹಾಕಿದರು. ಅಜ್ಜ ಹೊರಗೆ ತಿರುಗಿ, “ದೀಪಾ ದೊಡ್ಡದ ಮಾಡ್ರಿ!” ಎಂದರು. ಬೆಳಕು ಸಾಲದೇನೋ ಎಂದುಕೊಂಡು ಗೋವಿಂದು ಎರಡನೆಯ ಸ್ವಿಚ್ಚನ್ನೂ ಹಾಕಿದ.

ಯಜಮಾನರು ಏಣಿಯಿಂದ ಬಿದ್ದರು. ಜೀವ ಉಳಿಯಿತು, ಬಲಗೈ ಸುಟ್ಟಿತು. ಬೆರಳು ಮಡಿಸಲು ಬರುತ್ತದೋ ಇಲ್ಲವೋ ಎಂದು ದವಾಖಾನೆಯಲ್ಲಿ ಯಾರನ್ನು ಕೇಳಿದರೂ “ನೋಡೂಣ್ರಿ” ಎಂಬ ಉತ್ತರ. ಇಕ್ಕಳ ಹಿಡಿಯಲಾಗದ ಕೈಗೆ ಕಾಯಂ ಕೆಲಸ ಯಾರು ಕೊಡುತ್ತಾರೆ? ಗೋವಿಂದು ಇನ್ನು ಸ್ವಿಚ್ಚು ಮುಟ್ಟುವುದಿಲ್ಲ ಎಂದು ಮೂಲೆ ಹಿಡಿದು ಕೂತ. ಹಿಂದಕ್ಕೆ ಹೋಗೋಣವೆಂದರೆ ಅಲ್ಲಿ ಮನೆಯೂ ಇಲ್ಲ, ಕೆಲಸವೂ ಇಲ್ಲ. ಈ ಊರಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಭರಮಪ್ಪಜ್ಜ ದಿನಾ ಬೆಳಿಗ್ಗೆ ಒಂದು ತಂಬಿಗೆ ಮಜ್ಜಿಗೆ ಹಿಡಿದು ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ಮಾತಾಡಿಸುತ್ತಿರಲಿಲ್ಲ. ಒಂದು ದಿನ ತಡೆಯಲಾಗಲಿಲ್ಲ.

“ಆರಿಸಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ತಾತ?”

ಅಜ್ಜ ತಲೆ ಎತ್ತಲಿಲ್ಲ. “ಹೆಂಗ ಅನ್ಲೆವ್ವಾ? ಮಿಸ್ತ್ರಿ ಏಣಿ ಮ್ಯಾಲೆ ನಿಂತಿದ್ರು. ಅಷ್ಟ ಎತ್ತರದಾಗ ಮನಷ್ಯಾ ನಿಂತಾಗ, ಇಲ್ಲಿ ಮನ್ಯಾಗ ನೀನು ಕುಂಕುಮಾ ಹಚ್ಚಿಕೊಂಡು ಕುಂತಾಗ, ದೀಪಾ ಆರಸ್ರಿ ಅನ್ನಾಕ ನಾಲಿಗಿ ಏಳಲಿಲ್ಲವ್ವಾ. ಅವರಿಗೆ ಏನೂ ಆಗಬಾರದಂತನ ಹಂಗಂದೆ.”

ನಮ್ಮಮ್ಮನೂ ದೇವರ ದೀಪ ಆರಿತು ಎಂದವಳಲ್ಲ. ನಮ್ಮ ತೆಲುಗಿನಲ್ಲಿ ‘ದೀಪಂ ಕೊಂಡೆಕ್ಕಿಂದಿ’ ಅನ್ನುತ್ತೇವೆ, ದೀಪ ಬೆಟ್ಟ ಹತ್ತಿತು ಎಂದು. ಆದರೆ ಅದು ಎಣ್ಣೆಯ ದೀಪಕ್ಕೆ ಮಾತ್ರ. ಬಲ್ಬನ್ನು ನಾವು ಯಾವತ್ತೂ ದೀಪವೆಂದು ಎಣಿಸಿರಲಿಲ್ಲ, ಈ ಮುದುಕ ಎಣಿಸಿದ್ದರು. ತಂಬಿಗೆ ಇಸಿದುಕೊಂಡು ಒಳಗೆ ಹೋಗಿ ಮನಸಾರೆ ಅತ್ತೆ. ಕೋಪ ಹೋಯಿತು ಎಂದರೆ ಸುಳ್ಳಾದೀತು. ಯಾರ ಮೇಲೆ ಇಡಬೇಕೆಂಬುದು ಮಾತ್ರ ತಿಳಿಯದೆ ಹೋಯಿತು.

ಗೋವಿಂದುವನ್ನು ಮತ್ತೆ ಕೆಲಸಕ್ಕೆ ಎಬ್ಬಿಸಿದವರೂ ಅಜ್ಜನೇ. “ಏಳೋ ತಮ್ಮಾ, ಈ ಸಲ ಖರೇ ಮಾತ ಹೇಳ್ತೇನಿ,” ಎಂದು ಕೈ ಹಿಡಿದು ಕರೆದೊಯ್ದರು. ಮಧ್ಯಾಹ್ನ ಬುತ್ತಿ ಕೊಡಲು ಹೋದ ನಾನು ವಸತಿಗೃಹದ ಬಾಗಿಲಲ್ಲಿ ಅವರನ್ನು ಕಂಡೆ. “ಆರಸ್ರಿ!” ಎಂದು ಕೂಗಿದರು. ಕೂಗಿದ್ದೇ ತಡ, “ಶಿವ ಶಿವಾ” ಎಂದು ಎರಡೂ ಗಲ್ಲ ಬಡಿದುಕೊಂಡರು. ಕಾಲೇಜಿನ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ.

ಯಜಮಾನರ ಎರಡು ಬೆರಳು ಕೊನೆಗೂ ಮಡಿಸಲು ಬರಲಿಲ್ಲ. ಕೆಲಸ ಎಲ್ಲರಿಗೂ ಹಿಡಿಸಿತು, ಕಾಯಂ ಆದದ್ದು ಗೋವಿಂದು. ಯಜಮಾನರು ದಿನಾ ತಮ್ಮನ ಜೊತೆ ಹೋಗಿ ಏಣಿಯ ಬುಡ ಹಿಡಿದು ನಿಲ್ಲುತ್ತಾರೆ.

ಈ ಬೇಸಿಗೆಯಲ್ಲಿ ರಾಜಿಯನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಮ್ಮನ ಹಳ್ಳಿಗೆ ಇನ್ನೂ ಕರೆಂಟ್ ಬಂದಿಲ್ಲ. ಅಮ್ಮನಿಗೆ ತೆಲುಗು ಬಿಟ್ಟರೆ ಬೇರೆ ಮಾತು ಬಾರದು. ಎಷ್ಟು ಕಾಲವಾಗಿತ್ತೋ, ಹೊಟ್ಟೆ ತುಂಬ ಮುದ್ದೆ ಉಂಡೆ. ಉಂಡ ಮೇಲೆ ರಾಜಿಯ ಕಣ್ಣಿಗೆ ಲಾಂದ್ರದ ಬೆಳಕು ಚುಚ್ಚುತ್ತಿತ್ತು. “ಅಮ್ಮಾ, ದೀಪ ದೊಡ್ಡದು ಮಾಡು,” ಎಂದೆ. ತೆಲುಗಿನಲ್ಲೇ ಅಂದೆ.

ಅಮ್ಮ, ಪಾಪ, ಬತ್ತಿ ಏರಿಸಿದಳು.

ರಾಜಿ ಕಣ್ಣಿಗೆ ಕೈ ಅಡ್ಡ ಹಿಡಿದು, “ಹಂಗಲ್ಲಜ್ಜೀ, ದೊಡ್ಡದ ಮಾಡು!” ಎಂದು ಧಾರವಾಡದ ಕನ್ನಡದಲ್ಲಿ ರೇಗಿದಳು.

“ಏನಂತಾಳೇ ನಿನ್ನ ಮಗಳು?” ಎಂದು ಅಮ್ಮ ನನ್ನ ಮುಖ ನೋಡಿದಳು. ನಾನೇ ಎದ್ದು ಬತ್ತಿ ಇಳಿಸಿದೆ.