ಕರಿಕಲ್ಲಿನ ಬುಡದ ಬಳಚು

ಹೊಳೆ ಸತ್ತಿತು ಎಂದು ಮಂಜಗುಣಿಯಲ್ಲಿ ಸಾರಿದವಳು ಬೊಮ್ಮಕ್ಕ. ನಾನು ಜಟ್ಟು, ಇಲ್ಲಿ ದೋಣಿ ದಾಟಿಸುವವನು. ದಿನವೆಲ್ಲ ಹೊಳೆಯ ಮೇಲೇ ಇರುವ ನನ್ನನ್ನು ಒಂದು ಮಾತು ಕೇಳಬೇಡವೇ? ಊಹೂಂ.

ಅವಳು ಗದ್ದೆ ಕೆಲಸದ ಹೆಂಗಸು. ಆದರೆ ಹೊಳೆನೀರು ಇಳಿತದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಹೊಳೆಗಿಳಿಯುವುದು ಮದುವೆಯಾಗಿ ಬಂದಾಗಿನಿಂದ ಹಿಡಿದ ಚಟ. ಬಳಚನ್ನು ಕಣ್ಣಿಂದ ಹುಡುಕುವುದಿಲ್ಲ. ಸೊಂಟಮಟ್ಟದ ನೀರಲ್ಲಿ ನಿಂತು ಕಾಲಿನಿಂದ ತಳದ ಹೊಯ್ಗೆ, ಅಂದರೆ ಮರಳು, ಕೆದಕಬೇಕು. ಹೆಬ್ಬೆರಳಿಗೆ ಚಿಪ್ಪು ತಾಗಿದರೆ ಮುಳುಗಿ ಹೆಕ್ಕಬೇಕು. ಒಬ್ಬೊಬ್ಬರಿಗೂ ಅವರದೇ ಜಾಗ, ಅಲ್ಲಿಗೆ ಬೇರೆಯವರು ಕಾಲಿಡುವುದಿಲ್ಲ. ಬೊಮ್ಮಕ್ಕನಿಗೂ ಮೀನುಗಾರರ ಕೇರಿಯ ಕಾಶಿಗೂ ಮಾತ್ರ ಒಂದೇ ಜಾಗ: ಹೊಳೆಯಲ್ಲಿ ಎದ್ದುನಿಂತ ಕರಿಕಲ್ಲಿನ ಬುಡ. ಗಂಡಂದಿರ ಮೇಲಿನ ದೂರು, ಅತ್ತೆಯರ ಮೇಲಿನ ಸಿಟ್ಟು ಎಲ್ಲ ಅಲ್ಲೇ ನೀರಿಗೆ ಬಿಡುತ್ತಿದ್ದರು. ಇಬ್ಬರೂ ನಗಲು ಹಿಡಿದರೆ ನನ್ನ ದೋಣಿಯಲ್ಲಿದ್ದವರು ತಿರುಗಿ ನೋಡುತ್ತಿದ್ದರು.

ಹೋದ ಮಳೆಗಾಲಕ್ಕೆ ಮುಂಚೆ ಕಾಶಿ ಜ್ವರದಲ್ಲಿ ತೀರಿಕೊಂಡಳು. ಮಳೆ ನಿಂತ ಮೇಲೆ ಬೊಮ್ಮಕ್ಕ ಒಬ್ಬಳೇ ಇಳಿದಳು. ಒಂದೂ ಬಳಚಿಲ್ಲ. ಮರುದಿನವೂ ಇಲ್ಲ.

"ಕಾಶಿ ಹೋಗುವಾಗ ಬಳಚೂ ತಕಂಡೇ ಹೋದ್ಲು ಜಟ್ಟಣ್ಣ. ಹೊಳೆ ಸತ್ತೋಯ್ತು."

"ಇಡೀ ಹೊಳೆ ನೋಡ್ಕಂಡು ಬಂದ್ಯಾ?"

"ಅನ್ನ ಬೆಂದದ್ಯೋ ನೋಡೂಕೆ ಎಲ್ಲ ಅಗುಳೂ ಹಿಚುಕೂದುಂಟಾ? ಒಂದು ಸಾಕು."

ಅವಳ ಮಾತು ನಂಬಿ ಉಳಿದ ಹೆಂಗಸರೂ ಆ ವರ್ಷ ನೀರಿಗಿಳಿಯಲಿಲ್ಲ.

ಆಗ ಬಂದಳು ಮಾನಸಾ, ಕಾರವಾರದಲ್ಲಿ ಕಡಲಜೀವಿಗಳ ವಿಷಯ ಓದುವ ಹುಡುಗಿ. ಹೊಳೆಯಲ್ಲಿ ಬಳಚು ಎಷ್ಟಿದೆ ಎಂದು ತಿಳಿಯಬೇಕಂತೆ. ಕಬ್ಬಿಣದ ಚೌಕಟ್ಟನ್ನು ಅಲ್ಲಲ್ಲಿ ಒತ್ತಿ, ಅದರೊಳಗಿನ ಬಳಚು ಎಣಿಸಿ, ಅದರಿಂದ ಇಡೀ ಹೊಳೆಯ ಅಂದಾಜು ಕಟ್ಟುವುದು. ಎಲ್ಲಿ ಒತ್ತಬೇಕೆಂಬುದು ಮಾತ್ರ ಚೀಟಿ ಎತ್ತಿಯೇ ತೀರ್ಮಾನ. ನನ್ನ ದೋಣಿ ಗೊತ್ತು ಮಾಡಿದಳು. ಕರೆಯದಿದ್ದರೂ ಬೊಮ್ಮಕ್ಕ ಏರಿ ಕೂತಳು.

"ಚೀಟಿ ಎಂತಕೆ ತಂಗಿ? ಕರಿಕಲ್ಲಿನ ಬುಡ ನಾ ತೋರಿಸ್ತೆ. ಅಲ್ಲಿಲ್ಲಂದ್ರೆ ಎಲ್ಲೂ ಇಲ್ಲ," ಎಂದು ಅದೇ ಅಗುಳಿನ ಮಾತನ್ನೂ ಹೇಳಿದಳು.

ಹುಡುಗಿ ನಕ್ಕಳು. "ಅನ್ನ ಕುದಿವಾಗ ಮೇಲೆ ಕೆಳಗೆ ತಿರುಗ್ತದೆ ಅಮ್ಮಾ, ಯಾವ ಅಗುಳಾದ್ರೂ ನಡೀತದೆ. ಹೊಳೇನ ಯಾರು ತಿರುವ್ತಾರೆ? ನೀವು ತೋರಿಸಿದಲ್ಲೇ ನೋಡಿದ್ರೆ ನಿಮ್ಮ ಜಾಗ ಗೊತ್ತಾಗ್ತದೆ, ಹೊಳೆ ಅಲ್ಲ."

ಮೊದಲ ಚೀಟಿ ಆಚೆ ದಡದ ಹತ್ತಿರ ಬಂತು. ಬಳಚು! ಮುಂದೆಯೂ ಬಳಚು, ಒಂದು ಕಡೆ ನಾಲ್ಕೈದು, ಇನ್ನೊಂದು ಕಡೆ ರಾಶಿ. "ನೋಡು ಬೊಮ್ಮಕ್ಕ, ಹೊಳೆ ಜೀವಂತ ಅದೆ!" ಎಂದು ನಾನು ಹಿಗ್ಗಿ ತಿರುಗಿದರೆ ಅವಳ ಕಣ್ಣಲ್ಲಿ ನೀರು.

"ಹಂಗಾರೆ ಹೊಳೆಗೆ ಗೊತ್ತೇ ಆಗ್ಲಿಲ್ವಾ," ಅಂದಳು, "ಕಾಶಿ ಇಲ್ಲ ಅನ್ನೂದು?"

ಥೂ, ನನ್ನ ಬಾಯಿಗೆ ಬೆಂಕಿ ಬೀಳ! ಅವಳಿಗೆ ಹೊಳೆ ಬರಿದಾಗಿಯೇ ಇರಬೇಕಿತ್ತು. ಅದೂ ತನ್ನ ಜೊತೆ ಕಾಶಿಗಾಗಿ ಅಳುತ್ತಿದೆ ಎಂದುಕೊಂಡಿದ್ದಳು. ಅದೋ, ತನ್ನ ಪಾಡಿಗೆ ಸಂಸಾರ ಬೆಳೆಸಿಕೊಂಡಿತ್ತು.

ಕೊನೆಕೊನೆಗೆ ಒಂದು ಚೀಟಿ ಕರಿಕಲ್ಲಿನ ಬುಡಕ್ಕೇ ಬಂತು. ಬೊಮ್ಮಕ್ಕ ತಾನೇ ಇಳಿದು ಚೌಕಟ್ಟು ಒತ್ತಿ ಹಿಡಿದಳು. ಹೊಯ್ಗೆ ಬಗೆದಷ್ಟೂ ಹೊಯ್ಗೆಯೇ. ಮಳೆಗಾಲದ ನೆರೆ ಅಲ್ಲಿ ಹೊಸ ಹೊಯ್ಗೆ ತಂದು ಸುರಿದಿತ್ತು.

"ಇದ್ನ ಬಿಟ್ಬಿಡ್ತ್ಯಾ ತಂಗಿ? ಏನೂ ಇಲ್ವಲ್ಲ." ಅವಳ ಧ್ವನಿ ಸಣ್ಣದಾಗಿತ್ತು.

"ಬಿಡೂಕೆ ಬರೂದಿಲ್ಲ ಅಮ್ಮಾ. ಇಲ್ಲ ಅನ್ನೂದೂ ಲೆಕ್ಕಕ್ಕೆ ಬೇಕು. ಇದನ್ನ ಬಿಟ್ರೆ ಇಡೀ ಹೊಳೆ ಲೆಕ್ಕ ಸುಳ್ಳಾಗ್ತದೆ."

ಬೊಮ್ಮಕ್ಕ ನೀರಲ್ಲೇ ನಿಂತು ಬಾಯಿಬಿಟ್ಟು ಅತ್ತಳು. ಕಾಶಿಯ ಹೆಣ ಎತ್ತುವಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಈಗ ಇಳಿತದ ಹೊತ್ತಿಗೆ ಅವಳನ್ನು ಆಚೆ ದಡಕ್ಕೆ ಬಿಡುವವನು ನಾನೇ. ಬುಟ್ಟಿ ತುಂಬ ತರುತ್ತಾಳೆ. ಆದರೆ ತಿರುಗಿ ಬರುವಾಗ ಕರಿಕಲ್ಲು ಹತ್ತಿರವಾದರೆ, "ನಿಲ್ಸು ಜಟ್ಟಣ್ಣ" ಅನ್ನುತ್ತಾಳೆ. ಇಳಿದು, ಎಡಮಗ್ಗುಲಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಕಾಲಿನಿಂದ ಕೆದಕುತ್ತಾಳೆ. ಮತ್ತೆ "ಇಲ್ಲ" ಎಂದು ಬಂದು ಕೂರುತ್ತಾಳೆ. ದೋಣಿಯಲ್ಲಿದ್ದವರು ಹೊತ್ತಾಯಿತೆಂದು ಗೊಣಗಿದರೆ ನನಗೆ ರೇಗಿಹೋಗುತ್ತದೆ.

"ಸುಮ್ನಿರ್ರೋ," ಅನ್ನುತ್ತೇನೆ, "ಅವಳ ಲೆಕ್ಕ ಇನ್ನೂ ಮುಗೀಲಿಲ್ಲ."