ದೇವಕ್ಕ ಕಟ್ಟಿಕೊಟ್ಟ ಮಣ್ಣು

ತಂಬೂರಿನ ಕುರಿಗಾರ ಹೊಳೆಯಪ್ಪನ ಮಗ ಕರಿಸಿದ್ದಪ್ಪನು ಧಾರವಾಡದಲ್ಲಿ ಮಣ್ಣುಶಾಸ್ತ್ರ ಓದುತ್ತಾನೆಂದು ಕೇಳಿದವರು ಮೊದಮೊದಲು ನಕ್ಕರು. "ಮಣ್ಣ ತುಳಿಯೂದು ಗೊತ್ತಿತ್ತು, ಓದೂದು ಈಗ ಕೇಳಿದ್ವಿ ನೋಡಪಾ" ಎಂದು ತಂದೆಯೇ ಚೇಷ್ಟೆ ಮಾಡುತ್ತಿದ್ದನು. ಮಗ ಮುನಿಯುವವನಲ್ಲ. ಒದ್ದೆ ಮಣ್ಣನ್ನು ಎರಡು ಬೆರಳುಗಳ ನಡುವೆ ತೀಡಿ, ಜೇಡಿಯೆಷ್ಟು ಮರಳೆಷ್ಟು ಎಂದು ಹೇಳುವುದರಲ್ಲಿ ತರಗತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ೧೯೮೪ರಲ್ಲಿ ಧಾರವಾಡದ ಸರಕಾರಿ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಸೇರಿದನು.

ಆ ಬೇಸಿಗೆಯಲ್ಲಿ ಮೊರಬದ ದೇವಕ್ಕ ಒಂದು ಗಂಟು ಮಣ್ಣು ತಂದುಕೊಟ್ಟಳು. ಅವಳದು ಆರು ಎಕರೆ ಕಪ್ಪುಮಣ್ಣಿನ ಎರೆಹೊಲ. ಕಾಲುವೆಯ ನೀರು ಬಂದ ಮೇಲೂ ಬೆಳೆ ಎರಡು ವರ್ಷದಿಂದ ಇಳಿಯುತ್ತಲೇ ಇತ್ತು. ಇನ್ನೂ ನೀರು ಹಾಯಿಸಬೇಕೋ ಬೇಡವೋ ಎಂಬುದನ್ನು ಆ ಮಣ್ಣೇ ಹೇಳಬೇಕಿತ್ತು.

ಪರೀಕ್ಷೆಯಲ್ಲಿ ಎಲ್ಲವೂ ಚೆನ್ನಾಗಿಯೇ ಬಂದಿತು; ರಂಜಕವಂತೂ ಎರೆಭೂಮಿಯಲ್ಲಿ ಎಂದೂ ಕಾಣದಷ್ಟು. ಸಹಿ ಮಾಡಿ ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕರಿಸಿದ್ದಪ್ಪನಿಗೇಕೋ ಸಂಶಯ ಬಂದು ಗಂಟನ್ನು ಮತ್ತೆ ಬಿಚ್ಚಿದನು. ಒಳಗೆ ಕುರಿಹಿಕ್ಕೆಯ ಚೂರುಗಳು! ಕುರಿಗಾರನ ಮಗನಿಗೆ ಬೇರೆ ಹೇಳಬೇಕೆ?

ಮರುದಿನವೇ ಮೊರಬದ ಬಸ್ಸು ಹತ್ತಿದನು.

"ಯವ್ವಾ, ಕುರಿ ತರುಬಿ ಹಿಕ್ಕಿ ಬಿದ್ದ ಜಾಗದ ಮಣ್ಣ ತಂದೀರಲ್ರಿ?"

"ಹೌದ್ರಿ ಸಾಹೇಬ್ರ. ಹೆಣ್ಣ ನೋಡಾಕ ಬಂದಾಗ ಹರಕ ಸೀರಿ ಉಡಿಸಿ ಕೂಡಸ್ತಾರೇನ್ರಿ? ಇದ್ದದ್ರಾಗ ಚಲೋದು ನೋಡಿ ಕಟಗೊಂಡು ಬಂದೆ."

"ನಾ ಗಂಡಿನ ಕಡಿಯಾಂವ ಅಲ್ರಿ, ಡಾಕ್ಟರ್ ಇದ್ದಂಗ. ಬ್ಯಾನಿ ಎಲ್ಲೈತಿ ಅದನ್ನ ತೋರಸ್ರಿ."

ದೇವಕ್ಕನ ನಗು ಅಡಗಿತು. "ಹೊಲಾ ಉಪ್ಪೆದ್ದು ಸವಳಾಗೈತಿ ಅಂತ ಬರದ್ರ ಮಂದಿ ಆಡಿಕೋತಾರ್ರಿ."

"ಬರೀದಿದ್ರ ಐದು ವರ್ಷದಾಗ ಆರೂ ಎಕರೆ ಬೆಳ್ಳಗಾಗ್ತಾವು."

ಆಕೆ ಹೊಲದ ಕಡೆ ಮುಂದೆ ನಡೆದಳು. ಹೊಲದ ತಗ್ಗಿನ ಮೂಲೆಯಲ್ಲಿ, ಹಿಟ್ಟು ಉದುರಿಸಿದಂತೆ ಉಪ್ಪು ಮೇಲೆದ್ದಿತ್ತು. ಕರಿಸಿದ್ದಪ್ಪನು ಅಲ್ಲಿ ಸೊಂಟದುದ್ದ ಗುಂಡಿ ತೋಡಿದನು. ಬೇಸಿಗೆಯಲ್ಲೂ ತಳ ಒದ್ದೆಯಾಗಿತ್ತು. ನೀರಿಗೆ ಹೊರದಾರಿಯಿಲ್ಲದೆ ಒಳಗಿನ ಉಪ್ಪು ಮೇಲಕ್ಕೇರುತ್ತಿದೆಯೆಂದು ಗುಂಡಿಯ ಗೋಡೆಯನ್ನೇ ತೋರಿಸಿ ತಿಳಿಸಿದನು. ಬಳಿಕ ಇಡೀ ಹೊಲವನ್ನು ಓರೆಕೋರೆಯಾಗಿ ನಡೆದು ಹದಿನೈದು ಕಡೆ ಮಣ್ಣು ತೆಗೆದುಕೊಂಡನು.

ಮೂರು ವಾರಕ್ಕೆ ಫಲಿತಾಂಶ ಬಂದಿತು: ಕೆಟ್ಟದ್ದು ಒಂದೇ ಎಕರೆ. ನೀರು ಕಡಿಮೆ ಮಾಡಿ, ತಗ್ಗಿನಿಂದ ಹಳ್ಳದವರೆಗೆ ಬಸಿಗಾಲುವೆ ತೋಡಿದರೆ ಅದೂ ಸುಧಾರಿಸುವುದು.

ಬಸಿಗಾಲುವೆ ಬಾಜು ಹೊಲದ ಲಕ್ಷ್ಮಪ್ಪನ ಬದುವಿಗೆ ತಾಗಿ ಹೋಗಬೇಕಿತ್ತು. ಅವನು ಊರ ಕಟ್ಟೆಯ ಮೇಲೆ ಕುಳಿತು ಕೆಣಕಿದನು: "ಏನ ಬೇ ದೇವಕ್ಕ, ಸವಳಂತಲ್ಲ ನಿನ್ನ ಹೊಲ?"

"ಹೌದೋ! ಒಂದ ಎಕರೆ ಸವಳು, ಐದ ಎಕರೆ ಬಂಗಾರ. ಕಾಗದಾನ ಐತಿ. ನಿನ್ನ ಹೊಲ ನಂದಕ್ಕಿಂತ ತಗ್ಗಿನ್ಯಾಗೈತಿ, ಅದರಾಗ ಎಷ್ಟ ಸವಳೈತಿ ಹೇಳಲೇ ನೋಡೂಣು?"

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದರು. ಲಕ್ಷ್ಮಪ್ಪ ಕಟ್ಟೆಯಿಂದಿಳಿದು ಬಂದು, "ಕಾಲುವಿ ನನ್ನ ಹೊಲದಾಗಿಂದ ತಗದ್ರ ನನ್ನ ನೀರೂ ಹೋಕ್ಕೈತೇನ ಅದರಾಗ?" ಎಂದನು.

ಮುಂಗಾರು ಹಿಡಿಯುವ ಮೊದಲು ಎರಡೂ ಮನೆಯವರು ಸೇರಿ ಬಸಿಗಾಲುವೆಯನ್ನು ಹಳ್ಳಕ್ಕೆ ಮುಟ್ಟಿಸಿದರು. ಮೂರನೆಯ ವರ್ಷ ದೇವಕ್ಕನ ತಗ್ಗಿನಲ್ಲಿ ಬಿಳಿಜೋಳ ಎದೆಯುದ್ದ ನಿಂತಿತು.