ಸೂಟಿ ಕೊಡಿಸುತ್ತಿದ್ದ ಸಂದೇಶ

ನಿಪ್ಪಾಣಿಯ ನಮ್ಮ ಆಸ್ಪತ್ರೆಗೆ ಶಾಂತಕ್ಕ ಗಂಡನನ್ನು ಹೆಗಲಿಗೆ ಆನಿಸಿಕೊಂಡು ಬಂದಾಗ ಆತನ ಮುಖ ಊದಿತ್ತು, ಉಸಿರು ಕಟ್ಟುತ್ತಿತ್ತು. ಡಯಾಲಿಸಿಸ್ ಹಿಂದಿನ ದಿನವೇ ಆಗಬೇಕಿತ್ತು.

ನಮ್ಮ ಸಾಫ್ಟ್‌ವೇರ್ ರೋಗಿಗಳ ಮನೆಯವರ ಮೊಬೈಲಿಗೆ ತಾನಾಗಿ ಕಳಿಸುವ ಸಂದೇಶಗಳಿಗೆ ತಿಂಗಳ ಮಿತಿಯಿದೆ. ಅದನ್ನು ನೋಡಿಕೊಳ್ಳುವವಳು ನಾನು. ಮಿತಿ ಮುಗಿಯುತ್ತ ಬಂದಿದ್ದರಿಂದ, ಡಯಾಲಿಸಿಸ್ ಒಮ್ಮೆಯೂ ತಪ್ಪಿಸದವರಿಗೆ ದಿನ ನೆನಪಿಸುವುದೇಕೆಂದು ಅವರ ಸಂದೇಶಗಳನ್ನು ನಿಲ್ಲಿಸಿದ್ದೆ.

“ಮರೆತಿದ್ರೇನ್ರಿ?” ಎಂದೆ.

“ಮರಿಯೂದ್ ಹೆಂಗ್ರಿ ಅಕ್ಕಾರ? ಮೆಸೇಜ್ ತೋರಿಸಿದ್ರನ ನಾ ದುಡಿಯೂ ತಂಬಾಕು ವಖಾರ್ಯಾಗ ಆಳ ನೋಡ್ಕೊಳ್ಳೂ ಮುಕಾದಮ್ ಇವರನ್ನ ಕರ್ಕೊಂಡ ಬರಾಕ ನನಗ ಸೂಟಿ ಕೊಡ್ತಾನ. ನಿನ್ನಿ, ‘ಮೆಸೇಜ್ ಎಲ್ಲೈತಿ? ನಾಟಕ ಮಾಡ್ತಿಯೇನ?’ ಅಂದಾನ್ರಿ.”

ಡಯಾಲಿಸಿಸ್ ಮುಗಿದು ಮಧ್ಯಾಹ್ನದ ಹೊತ್ತಿಗೆ ಆತನ ಉಸಿರು ಸರಾಗವಾಯಿತು. ನಾನು ಆಸ್ಪತ್ರೆಯಿಂದ ಎಲ್ಲರಿಗೂ ಹೋಗುತ್ತಿದ್ದ ಹಬ್ಬದ ಶುಭಾಶಯಗಳನ್ನು ನಿಲ್ಲಿಸಿ ಶಾಂತಕ್ಕನಂಥವರ ಸಂದೇಶವನ್ನು ಮತ್ತೆ ಆರಂಭಿಸಿದೆ. ಈಗ ಯಾವುದೇ ಸಂದೇಶವನ್ನು ನಿಲ್ಲಿಸುವ ಮುನ್ನ, ಅದನ್ನು ಪಡೆಯುವವರಿಗೆ ಫೋನ್ ಮಾಡಿ ಕೇಳುತ್ತೇನೆ.